ಪ್ರಾಥಮಿಕ ಶಾಲೆಯ ಪಾಠದಲ್ಲಿ ಯಂತ್ರದ ಸ್ಥಾನ

ಮಾನ್ಯ ಸಂಪಾದಕರೆ,

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸ್ಮಾರ್ಟ್ ಬೋರ್ಡು, ಟ್ಯಾಬು, ಪ್ರೊಜೆಕ್ಟರು ಮೊದಲಾದ ಉಪಕರಣಗಳನ್ನು ಒದಗಿಸುವ ಕಾರ್ಯವು ಈಚಿನ ವರ್ಷಗಳಲ್ಲಿ ಬಹು ಭರದಿಂದ ಸಾಗಿರುವುದನ್ನೂ, ಸರ್ಕಾರದ ಅನುದಾನದ ಜೊತೆಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ದಾನಿಗಳ ಕೊಡುಗೆ, ಹಳೆಯ ವಿದ್ಯಾರ್ಥಿಗಳ ಸಂಘಗಳ ಉತ್ಸಾಹ ಇವೆಲ್ಲವೂ ಆ ಒಂದೇ ದಿಕ್ಕಿಗೆ ಹರಿಯುತ್ತಿರುವುದನ್ನೂ ತಮ್ಮ ಪತ್ರಿಕೆಯ ಓದುಗರು ಬಲ್ಲರು. ಕೊಡುವವರ ಸದುದ್ದೇಶದಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಆದರೆ ಎಷ್ಟು ಶಾಲೆಗಳಿಗೆ ಎಷ್ಟು ಪರದೆಗಳು ಸೇರಿದುವೆಂಬ ಲೆಕ್ಕವನ್ನೇ ಶಿಕ್ಷಣದ ಪ್ರಗತಿಯೆಂದು ಭಾವಿಸಿ, ಆ ಪರದೆಯ ಮುಂದೆ ಕುಳಿತ ಏಳು ವರ್ಷದ ಮಗು ಅಂದು ಏನು ಮಾಡಿತು, ಏನು ಆಡಿತು, ಏನನ್ನು ಕೇಳಿತು ಎಂಬುದನ್ನು ವಿಚಾರಿಸದಿರುವ ರೂಢಿಯೊಂದು ಬೆಳೆಯುತ್ತಿದೆ. ಪ್ರಾಥಮಿಕ ಶಾಲೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಅದಕ್ಕೆ ನನ್ನ ಆಕ್ಷೇಪವನ್ನು ಬಹಿರಂಗವಾಗಿ ನಿವೇದಿಸಬಯಸುತ್ತೇನೆ.

ಯಂತ್ರವು ತರಗತಿಯೊಳಕ್ಕೆ ಬರುವುದು ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಸಿದ ದೂರದರ್ಶನ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದುವು; ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿಯೇ ಕಾರ್ಯಕ್ರಮಗಳು ಬರುತ್ತಿದ್ದುವು. ಅದೇ ಯೋಜನೆಯಲ್ಲಿ ರಜಾಕಾಲವನ್ನು ಬಳಸಿಕೊಂಡು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಡಲಾಯಿತೆಂಬುದನ್ನು ಇಂದು ನೆನೆಯುವವರು ವಿರಳ. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವು ಮೇಲೇರಿದಾಗ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆಯನ್ನು ಆರಿಸಲಾಯಿತು. 2010ರಲ್ಲಿ ಆ ಉಪಗ್ರಹವು ಸೇವೆಯಿಂದ ನಿವೃತ್ತವಾಯಿತು. ಇವೆರಡರ ನಡುವೆಯೂ ತರುವಾಯವೂ ಆಕಾಶವಾಣಿಯು ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಪಾಠಗಳನ್ನು ಹಳ್ಳಿಹಳ್ಳಿಯ ರೇಡಿಯೊಗಳಿಗೆ ತಲುಪಿಸಿತು.

ಇವುಗಳಲ್ಲಿ ಅತ್ಯಂತ ಅಗ್ಗದ್ದಾದ ರೇಡಿಯೊ ಪಾಠವೇ ನನ್ನ ಅನುಭವದಲ್ಲಿ ಹೆಚ್ಚು ಸಾರ್ಥಕವಾದುದು. ಅದಕ್ಕೆ ಕಾರಣವುಂಟು. ಒಳ್ಳೆಯ ರೇಡಿಯೊ ಪಾಠವು ಪ್ರಶ್ನೆಯನ್ನು ಕೇಳಿ ಸುಮ್ಮನಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳು ಉತ್ತರಿಸಬೇಕಿತ್ತು, ಎದ್ದು ನಿಲ್ಲಬೇಕಿತ್ತು, ಹಾಡಿಗೆ ದನಿಗೂಡಿಸಬೇಕಿತ್ತು, ಉಪಾಧ್ಯಾಯರು ಹಲಗೆಯ ಮೇಲೆ ಬರೆದುದನ್ನು ನೋಡಿ ಏನನ್ನಾದರೂ ಮಾಡಬೇಕಿತ್ತು. ಕಣ್ಣಿಗೆ ಏನೂ ಕಾಣದಿದ್ದುದರಿಂದ ಉಳಿದುದೆಲ್ಲವನ್ನೂ ಮಗುವಿನ ಮನಸ್ಸೂ ಉಪಾಧ್ಯಾಯರ ಕೈಯೂ ತುಂಬಬೇಕಾಗುತ್ತಿತ್ತು. ಇಂದು ಶಾಲೆಗಳಿಗೆ ಬರುತ್ತಿರುವ ಸಿದ್ಧ ವೀಡಿಯೊ ಪಾಠಗಳಲ್ಲಿ ಬಹುಪಾಲು ಇದಕ್ಕೆ ತದ್ವಿರುದ್ಧವಾದ ಗುಣದವು. ಅವು ಎಲ್ಲವನ್ನೂ ತಾವೇ ಹೇಳಿ, ತಾವೇ ತೋರಿಸಿ, ಪ್ರಶ್ನೆಯನ್ನೂ ತಾವೇ ಕೇಳಿ ಕ್ಷಣಮಾತ್ರದಲ್ಲಿ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತವೆ. ಮಗುವಿಗೆ ನೋಡುವುದಲ್ಲದೆ ಬೇರೆ ಕಾರ್ಯವೇ ಉಳಿಯುವುದಿಲ್ಲ.

ಇದಕ್ಕಿಂತ ಗಹನವಾದ ಇನ್ನೊಂದು ತೊಡಕನ್ನು ನಮ್ಮ ಯೋಜನಾಕರ್ತರು ಗಮನಿಸಿದಂತೆ ತೋರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ, ಋಷಿವ್ಯಾಲಿ ಶಾಲೆಯ ಕ್ರಮವನ್ನು ಕಣ್ಣಾರೆ ಕಂಡುಬಂದ ಸಾಮಾನ್ಯ ಉಪಾಧ್ಯಾಯರ ಶ್ರಮದಿಂದಲೇ ಹುಟ್ಟಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಐದು ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಇನ್ನೊಂದಕ್ಕೆ ಅಲ್ಪ ನೆರವು, ಮತ್ತೆರಡಕ್ಕೆ ಸಹಪಾಠಿಯ ನೆರವು. ಕಡೆಯ ಗುಂಪು ತಾನೇ ಕಲಿಯತಕ್ಕದ್ದು. ರ, ಗ, ಸ, ದ, ಅ ಎಂಬ, ಆಕೃತಿಯಲ್ಲಿ ಒಂದಕ್ಕೊಂದು ಹತ್ತಿರವಾದ ಅಕ್ಷರಗಳಿಂದ ಆರಂಭಿಸಿ ಪ್ರತಿಯೊಂದು ಮಗುವೂ ಪಾಠದ ಕಾರ್ಡುಗಳ ಮೂಲಕ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ನಡೆಗೆ ತಕ್ಕಂತೆ ಏರುತ್ತದೆ. ಹಬ್ಬಕ್ಕೋ ಕಾಯಿಲೆಗೋ ಕೆಲವು ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಒಬ್ಬರೇ ಉಪಾಧ್ಯಾಯರು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಬೇಕಾದ ನಮ್ಮ ಸಣ್ಣ ಊರುಗಳಿಗೆ ಇದಕ್ಕಿಂತ ಒಪ್ಪುವ ಏರ್ಪಾಟನ್ನು ನಾನು ಕಂಡಿಲ್ಲ. ಇಂತಹ ಕೋಣೆಯ ಗೋಡೆಗೆ ದೊಡ್ಡದೊಂದು ಪರದೆಯನ್ನು ತೂಗುಹಾಕಿದೊಡನೆ ಐದು ಗುಂಪುಗಳೂ ಕರಗಿ, ಮಕ್ಕಳೆಲ್ಲರೂ ಸಾಲಾಗಿ ಒಂದೇ ಕಡೆಗೆ ಮುಖಮಾಡಿ, ಒಂದನೆಯ ತರಗತಿಯ ಮಗುವೂ ಮೂರನೆಯ ತರಗತಿಯ ಮಗುವೂ ಒಂದೇ ಪಾಠವನ್ನು ಒಂದೇ ವೇಗದಲ್ಲಿ ನೋಡಬೇಕಾದ ಹಳೆಯ ಸ್ಥಿತಿಯೇ ಮರಳಿ ಬರುತ್ತದೆ. ಯಾವ ಕ್ರಮವನ್ನು ಬಿಡಿಸಲು ಉಪಾಧ್ಯಾಯರು ವರ್ಷಗಟ್ಟಲೆ ದುಡಿದರೋ ಅದನ್ನೇ ಆಧುನಿಕತೆಯ ಹೆಸರಿನಲ್ಲಿ ಮತ್ತೆ ತರುವುದು ವಿವೇಕವಲ್ಲ. ಗುಂಪಿಗೊಂದರಂತೆ ಸಣ್ಣ ಟ್ಯಾಬನ್ನೋ, ಧ್ವನಿಯನ್ನು ಹಿಡಿದಿಡುವ ಸಾಧಾರಣ ಮೊಬೈಲನ್ನೋ ಕೊಟ್ಟಿದ್ದರೆ ಈ ಪದ್ಧತಿಗೆ ಅದು ಸಹಜವಾಗಿ ಹೊಂದುತ್ತಿತ್ತು.

ಹಾಗಾದರೆ ಯಂತ್ರವನ್ನು ಯಾವುದಕ್ಕೆ ಬಳಸಬೇಕೆಂದು ಕೇಳುವವರಿಗೆ ನನ್ನ ಉತ್ತರವಿದು: ಮಗುವಿನ ಕೈಗೆ ಎಟಕುವುದನ್ನು ಪರದೆಯ ಮೇಲೆ ತೋರಿಸಬಾರದು; ಎಟಕದುದನ್ನು ಧಾರಾಳವಾಗಿ ತೋರಿಸಬಹುದು. ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಮೊಳೆಯುವುದನ್ನು ಮಕ್ಕಳು ಬಿಚ್ಚಿ ನೋಡಿ ಮುಟ್ಟಿ ತಿಳಿಯಬೇಕು. ಅದರ ಚಲನಚಿತ್ರದಿಂದ ಏನೂ ಆಗದು. ಆದರೆ ಕಡಲನ್ನೇ ಕಾಣದ ರಾಯಚೂರಿನ ಮಗುವಿಗೆ ಮಲ್ಪೆಯ ಅಲೆಗಳನ್ನೂ, ಬಿಳಿಜೋಳದ ಬಯಲನ್ನು ಕಾಣದ ತೀರ್ಥಹಳ್ಳಿಯ ಮಗುವಿಗೆ ಸುಗ್ಗಿಯ ಕಣವನ್ನೂ, ಯಾರಿಗೂ ಕಾಣದ ಹೃದಯದ ಬಡಿತವನ್ನೂ ತೋರಿಸಲು ಪರದೆಗೆ ಸಮನಾದ ಸಾಧನವಿಲ್ಲ. ಮಗುವು ತಾನು ಓದಿದ ಪಾಠವನ್ನು ಮೊಬೈಲಿನಲ್ಲಿ ಹಿಡಿದು ತಾನೇ ಕೇಳಿದಾಗ, ಎಲ್ಲಿ ತಡವರಿಸಿತು, ಯಾವ ಒತ್ತಕ್ಷರವನ್ನು ನುಂಗಿತು ಎಂಬುದನ್ನು ಉಪಾಧ್ಯಾಯರು ಹೇಳುವ ಮೊದಲೇ ಅದು ಅರಿಯುತ್ತದೆ. ಇದರ ಪರಿಣಾಮವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿಗಳನ್ನಾಡುವ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಲಂಬಾಣಿ ತಾಂಡಾದ ಅಜ್ಜಿಯೊಬ್ಬಳು ತನ್ನ ಭಾಷೆಯಲ್ಲಿ ಹೇಳಿದ ಕಥೆಯನ್ನು ಧ್ವನಿಮುದ್ರಿಸಿಕೊಂಡು ತಂದು, ತರಗತಿಯಲ್ಲಿ ಕೇಳಿಸಿ, ಆ ಮಕ್ಕಳಿಂದಲೇ ಅದನ್ನು ಕನ್ನಡದಲ್ಲಿ ಹೇಳಿಸಿದರೆ, ಅದುವರೆಗೆ ಬಾಯಿ ತೆರೆಯದೆ ಹಿಂದಿನ ಸಾಲಿನಲ್ಲಿ ಕುಳಿತ ಮಗು ಅಂದು ಇಡೀ ತರಗತಿಗೆ ದುಭಾಷಿಯಾಗುತ್ತದೆ. ಇದಕ್ಕೆ ಅಂತರಜಾಲವೂ ಬೇಡ, ಲಕ್ಷಾಂತರ ರೂಪಾಯಿಯ ಉಪಕರಣವೂ ಬೇಡ. ಏನನ್ನು ಮಾಡಿಸಬೇಕೆಂದು ಬಲ್ಲ ಉಪಾಧ್ಯಾಯರೊಬ್ಬರು ಬೇಕು, ಅವರಿಗೆ ಬಿಡುವು ಬೇಕು.

ಉಪಕರಣವನ್ನು ಹಂಚಿದ ಮಾತ್ರಕ್ಕೆ ಕಲಿಕೆಯು ಸಿದ್ಧಿಸದೆಂಬುದಕ್ಕೆ ಪರದೇಶಗಳ ಅನುಭವವೂ ಸಾಕ್ಷಿಯಾಗಿದೆ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಯಾವ ವೃದ್ಧಿಯನ್ನೂ ಕಾಣಲಿಲ್ಲ. 2023ರಲ್ಲಿ ಯುನೆಸ್ಕೊ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟು, ತಂತ್ರಜ್ಞಾನವು ಕಲಿಯುವವರ ಹಿತಕ್ಕೆ ಅಧೀನವಾಗಿರಬೇಕೆಂದು ಎಚ್ಚರಿಸಿದೆ. ದೂರ ಹೋಗಬೇಕಿಲ್ಲ: 2020ರ ಮಹಾಮಾರಿಯ ಕಾಲದಲ್ಲಿ ಸರ್ಕಾರದ ವಿದ್ಯಾಗಮ ಯೋಜನೆಯು ನಡೆದಾಗ, ದೇವಸ್ಥಾನದ ಜಗಲಿಯಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದವರು ನಮ್ಮ ಉಪಾಧ್ಯಾಯರೇ; ಮೊಬೈಲಿಲ್ಲದ ಮನೆಯ ಮಗುವಿಗೆ ಅಂದು ಬೇರೆ ಗತಿಯೇ ಇರಲಿಲ್ಲ.

ಇನ್ನು ಉಪಾಧ್ಯಾಯರ ಸ್ಥಿತಿಯ ಮಾತು. ನಾನು ಬಲ್ಲ ಶಾಲೆಯೊಂದರಲ್ಲಿ, ದಾನವಾಗಿ ಬಂದ ಸ್ಮಾರ್ಟ್ ಬೋರ್ಡಿನ ವಿದ್ಯುತ್ ಘಟಕವು ಸುಟ್ಟುಹೋದ ಮೇಲೆ ಅದನ್ನು ದುರಸ್ತಿ ಮಾಡಿಸುವ ಹಣ ಯಾವ ಬಾಬಿನಲ್ಲಿಯೂ ಇಲ್ಲದೆ ಅದರ ಮೇಲೆ ಬಟ್ಟೆಯನ್ನು ಹೊದಿಸಿಡಲಾಯಿತು. ಆದರೆ ಕಾಗದದಲ್ಲಿ ಆ ಶಾಲೆಯು ಇಂದಿಗೂ ಸ್ಮಾರ್ಟ್ ತರಗತಿಯುಳ್ಳ ಶಾಲೆಯೇ ಆಗಿದೆ. ಬಿಸಿಯೂಟದ ಲೆಕ್ಕ, ಇಲಾಖೆಯ ಜಾಲತಾಣವಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ, ಮತಗಟ್ಟೆಯ ಕೆಲಸ, ಸಮೀಕ್ಷೆಗಳು ಇವುಗಳ ನಡುವೆ ಉಸಿರಾಡಲು ಅವಕಾಶವಿಲ್ಲದ ಮುಖ್ಯೋಪಾಧ್ಯಾಯರಿಗೆ, ಹೊಸ ಉಪಕರಣವೊಂದು ಪಾಠದ ಸಾಧನವಾಗಿ ಬರುವುದಕ್ಕಿಂತ ಹೆಚ್ಚಾಗಿ, ಚಿತ್ರ ತೆಗೆದು ಮೇಲಿನವರಿಗೆ ಕಳುಹಿಸಬೇಕಾದ ಇನ್ನೊಂದು ಜವಾಬ್ದಾರಿಯಾಗಿ ಬರುತ್ತದೆ. ಇದು ಅವರ ದೋಷವೆಂದು ನಾನು ಒಪ್ಪಲಾರೆ.

ಆದುದರಿಂದ ಶಿಕ್ಷಣ ಇಲಾಖೆಯಲ್ಲಿಯೂ ದಾನಿಗಳಲ್ಲಿಯೂ ನನ್ನ ವಿನಂತಿಯೆಂದರೆ, ಉಪಕರಣವನ್ನು ಕೊಳ್ಳುವ ಮೊದಲು ಅದು ಯಾವ ತರಗತಿಯ ಯಾವ ಪಾಠಕ್ಕೆ ಬೇಕೆಂಬುದನ್ನು ಆ ಶಾಲೆಯ ಉಪಾಧ್ಯಾಯರಿಂದಲೇ ಕೇಳಿ ತಿಳಿಯಬೇಕು; ಕೊಳ್ಳುವ ಹಣದ ಜೊತೆಯಲ್ಲಿಯೇ ದುರಸ್ತಿಯ ಹಣವನ್ನು ಎಸ್‌ಡಿಎಂಸಿ ಎಂಬ ಶಾಲಾ ಅಭಿವೃದ್ಧಿ ಸಮಿತಿಯ ಖಾತೆಗೆ ಸೇರಿಸಬೇಕು; ಬೇರೆ ಭಾಷೆಯಲ್ಲಿ ಸಿದ್ಧವಾದುದಕ್ಕೆ ಕನ್ನಡದ ದನಿಯನ್ನು ಅಂಟಿಸಿ ಮಾರುವ ಪಾಠಗಳ ಬದಲು, ಪ್ರತಿ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ನುರಿತ ಉಪಾಧ್ಯಾಯರನ್ನು ಕೂಡಿಸಿ ಆಯಾ ಸೀಮೆಯ ಮಾತು, ಬೆಳೆ, ಹೊಳೆ, ಹಕ್ಕಿಗಳನ್ನೊಳಗೊಂಡ ಪಾಠಗಳನ್ನು ಮಾಡಿಸಬೇಕು. ನಲಿಕಲಿಯನ್ನು ಕಟ್ಟಿದವರು ಇಂತಹ ಉಪಾಧ್ಯಾಯರೇ. ಈ ಕೆಲಸವೂ ಅವರಿಂದ ಆಗದೆ ಇರದು. ಒಂದರಿಂದ ಮೂರನೆಯ ತರಗತಿಯವರೆಗಿನ ಕೋಣೆಗಳಲ್ಲಿ ಗೋಡೆಗೆ ಪರದೆಯನ್ನು ಹಾಕುವುದನ್ನಂತೂ ತತ್‌ಕ್ಷಣ ನಿಲ್ಲಿಸಿ, ಆ ಹಣವನ್ನು ಹರಿದುಹೋದ ನಲಿಕಲಿ ಕಾರ್ಡುಗಳನ್ನು ಹೊಸದಾಗಿ ಮುದ್ರಿಸಲೂ, ಖಾಲಿಯಿರುವ ಉಪಾಧ್ಯಾಯರ ಹುದ್ದೆಗಳನ್ನು ತುಂಬಲೂ ವಿನಿಯೋಗಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯ