ಶೀಲ್ಡು ನೋಡಿ ಕಾಲೇಜು ಸೇರಬೇಡಿ

ಸಾಹಿತ್ಯ ಮಂಡಳದ ಪತ್ರಿಕೆಯಲ್ಲಿ ಓಟ, ಜಿಗಿತ, ಎಸೆತದ ಮಾತು ಯಾಕಪ್ಪಾ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಕವಿತೆ ಬರೆಯುವವನೂ ಕನ್ನಡದ ಹುಡುಗ, ಗುಂಡು ಎಸೆಯುವವನೂ ಕನ್ನಡದ ಹುಡುಗ. ಮೊದಲನೆಯವನು ತಪ್ಪು ಕಾಲೇಜಿಗೆ ಸೇರಿದರೆ ಕವಿತೆಗೆ ಒಂದು ವಿಷಯವಾದರೂ ಸಿಕ್ಕೀತು. ಎರಡನೆಯವನಿಗೆ ಮಾತ್ರ ಕಾಲು ಹೋಗುತ್ತದೆ, ಡಿಗ್ರಿಯೂ ಹೋಗುತ್ತದೆ. ಆದ್ದರಿಂದ ಈ ಸಲ ನಾಲ್ಕು ಪುಟ ನನಗೆ ಬಿಟ್ಟುಕೊಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದ ಮೇಲೆ ವಿಜಯಪುರ, ಕಲಬುರಗಿ, ಜತ್ತ, ಅಕ್ಕಲಕೋಟೆ ಕಡೆಯಿಂದ ಒಬ್ಬಿಬ್ಬರಾದರೂ ಹುಡುಗರು ಸರ್ಟಿಫಿಕೇಟಿನ ಫೈಲು ಕಂಕುಳಲ್ಲಿ ಇಟ್ಟುಕೊಂಡು ಪುಣೆಗೆ ಇಳಿಯುತ್ತಾರೆ. ಜಿಲ್ಲಾ ಮಟ್ಟದಲ್ಲಿ ಮೊದಲನೆಯವರು, ರಾಜ್ಯ ಮಟ್ಟದಲ್ಲಿ ಮೂರನೆಯವರು, ಹೀಗೆ. ಅವರು ಕಾಲೇಜು ಆರಿಸುವ ರೀತಿ ಏನು? ಜಿಮಖಾನಾ ಆಫೀಸಿನ ಗೋಡೆಯ ಮೇಲೆ ಶೀಲ್ಡುಗಳು ಎಷ್ಟಿವೆ ನೋಡುವುದು, ಫೀ ಮಾಫಿ ಉಂಟೇ ಎಂದು ಕೇಳುವುದು, ಹಾಸ್ಟೆಲ್ ಮತ್ತು ಮೆಸ್ಸು ಪುಕ್ಕಟೆ ಎಂದರೆ ಸಹಿ ಹಾಕುವುದು. ಅರ್ಧ ಗಂಟೆಯಲ್ಲಿ ಮೂರು ವರ್ಷದ ಹಣೆಬರಹ ಮುಗಿಯಿತು. ಹುಡುಗಿಯರ ಕಷ್ಟ ಇನ್ನೂ ಬೇರೆ ತರಹದ್ದು. ಅದನ್ನು ನಾನು ಬರೆಯುವುದಕ್ಕಿಂತ ಅವರೇ ಬರೆದರೆ ಚೆನ್ನ. ಇಲ್ಲಿ ಹುಡುಗರ ಮಾತಷ್ಟೇ.

ನಾನು ಕಾಮರ್ಸ್ ವಿದ್ಯಾರ್ಥಿ. ಓಟಗಾರನಲ್ಲ, ಬಸ್ಸಿನ ಹಿಂದೆ ಓಡಿದ್ದಷ್ಟೇ ನನ್ನ ದಾಖಲೆ. ಆದರೆ ಜಮಾ-ಖರ್ಚು ಬರೆಯುವುದು ಕಲಿತಿದ್ದೇನೆ. ಗೋಡೆಯ ಮೇಲಿನ ಶೀಲ್ಡು ಕಾಲೇಜಿನ ಜಮಾ. ಅದು ಹುಡುಗನ ಖಾತೆಗೆ ಬರುವುದಿಲ್ಲ. ಆ ಶೀಲ್ಡು ಗೆದ್ದವರನ್ನು ಅದೇ ಕಾಲೇಜು ತಯಾರು ಮಾಡಿತೋ, ಬೇರೆ ಕಡೆ ತಯಾರಾದವರನ್ನು ತಂದು ತನ್ನ ಬನಿಯನ್ನು ತೊಡಿಸಿತೋ ಎಂಬುದನ್ನು ಶೀಲ್ಡು ಹೇಳುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇಲ್ಲಿಗೆ ಬಂದ ಹುಡುಗ ಮೊದಲ ವರ್ಷ ಎಷ್ಟು ದೂರ ಎಸೆಯುತ್ತಿದ್ದ, ಮೂರನೆಯ ವರ್ಷ ಎಷ್ಟು ದೂರ ಎಸೆದ? ಹಳೆಯ ಹುಡುಗರನ್ನು ಹಿಡಿದು ಕೇಳಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಎರಡನೆಯ ಪ್ರಶ್ನೆ ತರಬೇತುದಾರರದು. ನಮ್ಮ ಊರ ಶಾಲೆಗಳಲ್ಲಿ ಪಿ.ಟಿ. ಮಾಸ್ತರೇ ಓಟಕ್ಕೂ ಅವರೇ, ಕಬಡ್ಡಿಗೂ ಅವರೇ, ಆಗಸ್ಟ್ ಹದಿನೈದರ ಕವಾಯತಿಗೂ ಅವರೇ. ಅವರ ಮೇಲೆ ನನಗೆ ಗೌರವವಿದೆ, ಅವರಿಲ್ಲದಿದ್ದರೆ ಈ ಹುಡುಗರು ಮೈದಾನಕ್ಕೇ ಬರುತ್ತಿರಲಿಲ್ಲ. ಆದರೆ ಕಾಲೇಜಿನ ಮಟ್ಟದಲ್ಲಿ ಅಷ್ಟು ಸಾಲದು. ಅಥ್ಲೆಟಿಕ್ಸ್ ಎಂಬುದು ಒಂದು ಆಟವಲ್ಲ, ಹತ್ತಿಪ್ಪತ್ತು ಆಟಗಳ ಸಂತೆ. ನೂರು ಮೀಟರ್ ಓಟ ಹೇಳಿಕೊಡುವವರಿಗೆ ಹ್ಯಾಮರ್ ಎಸೆತ ಬರಲೇಬೇಕೆಂದಿಲ್ಲ. ಆದ್ದರಿಂದ "ಕೋಚ್ ಇದ್ದಾರೆಯೇ?" ಎಂದು ಕೇಳಬಾರದು, "ನನ್ನ ಸ್ಪರ್ಧೆಗೆ ಕೋಚ್ ಯಾರು, ವಾರದಲ್ಲಿ ಎಷ್ಟು ದಿನ ಮೈದಾನಕ್ಕೆ ಬರುತ್ತಾರೆ?" ಎಂದು ಕೇಳಬೇಕು.

ಇದು ಎಸೆತಗಾರರಿಗೂ ಹರ್ಡಲ್ಸ್ ಹುಡುಗರಿಗೂ ಎಲ್ಲರಿಗಿಂತ ಮುಖ್ಯ. ಯಾಕೆಂದರೆ ಹುಡುಗ ಗಂಡಸಾಗುವ ವರ್ಷಗಳಲ್ಲಿ ಅವನ ಸಾಮಾನೇ ಬದಲಾಗುತ್ತದೆ. 18 ವರ್ಷದೊಳಗಿನವರ ಗುಂಡು 5 ಕಿಲೋ, 20ರ ಒಳಗಿನವರದು 6 ಕಿಲೋ, ಪುರುಷರದು 7.26 ಕಿಲೋ. ಡಿಸ್ಕಸ್ ಒಂದೂವರೆ ಕಿಲೋದಿಂದ 1.75ಕ್ಕೆ, ಅಲ್ಲಿಂದ 2 ಕಿಲೋಗೆ ಏರುತ್ತದೆ. ಜಾವೆಲಿನ್ 700 ಗ್ರಾಂ ಇದ್ದದ್ದು 800 ಆಗುತ್ತದೆ. 110 ಮೀಟರ್ ಹರ್ಡಲ್ಸಿನ ಎತ್ತರ 91.4 ಸೆಂಟಿಮೀಟರಿನಿಂದ 99.1ಕ್ಕೆ, ಪುರುಷರಿಗೆ 106.7ಕ್ಕೆ ಹೋಗುತ್ತದೆ. ಅಂದರೆ ಎದೆಮಟ್ಟದ ಕಡೆಗೆ ಬಂತು ಎಂದೇ ಲೆಕ್ಕ.

ಇದರ ಪರಿಣಾಮ ನೋಡಿ. ಶಾಲೆಯಲ್ಲಿ ಹೀರೋ ಆಗಿದ್ದವನು ಕಾಲೇಜಿನ ಮೊದಲ ವರ್ಷ ಮೀಟರುಗಟ್ಟಲೆ ಹಿಂದೆ ಬೀಳುತ್ತಾನೆ. ಅವನ ಶಕ್ತಿ ಕಡಿಮೆಯಾಗಿಲ್ಲ, ಗುಂಡು ಭಾರವಾಗಿದೆ ಅಷ್ಟೇ. ತಿಳಿದ ಕೋಚ್ ಇದ್ದರೆ "ಹೆದರಬ್ಯಾಡ, ಒಂದು ವರ್ಷ ಮೈ ಗಟ್ಟಿ ಮಾಡಿಕೋ" ಎನ್ನುತ್ತಾರೆ. ತಿಳಿಯದವರು "ಇವನಲ್ಲಿ ಏನೂ ದಮ್ ಇಲ್ಲ" ಎಂದು ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಮೊದಲ ವರ್ಷದ ಕೊನೆಗೆ ಮೆಸ್ ಕಾರ್ಡು ಬಂದ್. ಆದುದರಿಂದ ಫೀ ಮಾಫಿ ಒಂದು ವರ್ಷಕ್ಕೋ, ಮೂರೂ ವರ್ಷಕ್ಕೋ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಬಾಯಿಮಾತಿಗೆ ಜಿಮಖಾನಾದಲ್ಲಿ ಬೆಲೆ ಕಡಿಮೆ.

ಮೂರನೆಯದು ಪೆಟ್ಟಿನ ಪ್ರಶ್ನೆ. ನನಗೆ ಗೊತ್ತಿರುವ ಒಬ್ಬ ಗೆಳೆಯ 400 ಮೀಟರ್ ಓಟಗಾರ. ಅವನ ಹೆಸರೂ ಬೇಡ, ಕಾಲೇಜಿನ ಹೆಸರೂ ಬೇಡ. ಎರಡು ದಿನದ ಕೂಟದಲ್ಲಿ ಅವನನ್ನು 200, 400, ಎರಡೂ ರಿಲೇ, ಕೊನೆಗೆ ಪಾಯಿಂಟು ಸಾಲದೆ ಉದ್ದ ಜಿಗಿತಕ್ಕೂ ಇಳಿಸಿದರು. ಹೀಟ್ಸು ಫೈನಲ್ಲು ಸೇರಿ ಎಷ್ಟು ಸಲ ಓಡಿದನೋ ಅವನಿಗೇ ಲೆಕ್ಕ ತಪ್ಪಿತ್ತು. ಕೊನೆಯ ರಿಲೇಯಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಕಾಲೇಜಿಗೆ ಶೀಲ್ಡು ಬಂತು. ಅವನಿಗೆ ಬಂದದ್ದು ಒಂದು ಕ್ರೇಪ್ ಬ್ಯಾಂಡೇಜು. ಮೂರು ವಾರಕ್ಕೆ ಮತ್ತೆ ಓಡಲು ಹೇಳಿದರು, ಮತ್ತೆ ಹರಿಯಿತು. ಮುಂದಿನ ಜೂನಿನಲ್ಲಿ ಹಾಸ್ಟೆಲಿನ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆ ಹೊತ್ತಿಗೆ ಮೂರು ವಿಷಯ ಕೆ.ಟಿ. ಉಳಿದಿದ್ದವು. ಈಗ ಊರಿನಲ್ಲಿ ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ. ಅಂಗಡಿ ಕೀಳೆಂದು ನಾನು ಹೇಳುತ್ತಿಲ್ಲ, ಆದರೆ ಅಂಗಡಿಯಲ್ಲಿ ಕೂರಲು ಅವನು ಪುಣೆಗೆ ಬಂದಿರಲಿಲ್ಲ.

ಆದ್ದರಿಂದ ಗೆದ್ದವರನ್ನು ಮಾತನಾಡಿಸಿದರೆ ಸಾಲದು, ಪೆಟ್ಟು ತಿಂದವರನ್ನು ಹುಡುಕಿ ಮಾತನಾಡಿಸಬೇಕು. ಫಿಸಿಯೋ ಹತ್ತಿರ ಯಾರು ಕಳಿಸಿದರು, ಖರ್ಚು ಯಾರು ಕೊಟ್ಟರು, ಓಡದೆ ಇದ್ದ ಆರು ತಿಂಗಳು ಊಟ ಸಿಕ್ಕಿತೇ? ಒಂದು ಕಾಲೇಜಿನ ನಿಜವಾದ ಗುಣ ಅಲ್ಲಿ ತಿಳಿಯುತ್ತದೆ.

ನಾಲ್ಕನೆಯದು ಓದಿನ ವಿಷಯ. ಅಥ್ಲೀಟ್ ಹುಡುಗನಿಗೆ ಓದು ಯಾಕೆ ಎನ್ನುವವರಿದ್ದಾರೆ. ಅವರಿಗೆ ಎರಡು ಹೆಸರು ಹೇಳುತ್ತೇನೆ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ನಮ್ಮ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ 2006ರಲ್ಲಿ ಅಲ್ಲಿನ ಕಾಲೇಜುಗಳ ಡಿಸ್ಕಸ್ ಚಾಂಪಿಯನ್ ಆದರು, 2012ರಲ್ಲಿ 66.28 ಮೀಟರ್ ಎಸೆದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ತಂದರು. ದೆಹಲಿಯ ತೇಜಸ್ವಿನ್ ಶಂಕರ್ 2017ರಲ್ಲಿ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಮೇಲೆ ಹೋಗಿ, 2018 ಮತ್ತು 2022ರಲ್ಲಿ ಎತ್ತರ ಜಿಗಿತ ಗೆದ್ದು, ಜೊತೆಗೆ ಲೆಕ್ಕಶಾಸ್ತ್ರ ಓದಿದರು. ನಮ್ಮ ಹಾಗೆಯೇ ಡೆಬಿಟ್-ಕ್ರೆಡಿಟ್ ಬರೆದ ಮನುಷ್ಯ! ಅವರೇ 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಎತ್ತರ ಜಿಗಿತಕ್ಕೆ ಕಂಚು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಡೆಕಾತ್ಲಾನಿಗೆ ಬೆಳ್ಳಿ ತಂದರು.

ಹಾಗೆಂದು ಎಲ್ಲರೂ ಅಮೆರಿಕದ ಕನಸು ಕಾಣಿರಿ ಎನ್ನುವುದಿಲ್ಲ. ಅಲ್ಲಿಯೂ ಲೆಕ್ಕ ಬಿಗಿಯೇ. ಬಹಳ ವರ್ಷ ಮೊದಲ ದರ್ಜೆಯ ಕಾಲೇಜಿಗೆ ಪುರುಷರ ಅಥ್ಲೆಟಿಕ್ಸಿಗೆಲ್ಲ ಸೇರಿ 12.6 ಪೂರ್ತಿ ಸ್ಕಾಲರ್‌ಶಿಪ್ಪಿನಷ್ಟೇ ಮಿತಿ ಇತ್ತು, ಅದನ್ನೇ ಎಷ್ಟೋ ಹುಡುಗರಿಗೆ ಚೂರು ಚೂರು ಹಂಚುತ್ತಿದ್ದರು. 2025ರಲ್ಲಿ ನಿಯಮ ಬದಲಾಗಿ, ಹೊಸ ಪದ್ಧತಿಗೆ ಒಪ್ಪಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ಪಿನ ಮಿತಿ ಹೋಗಿ ತಂಡದಲ್ಲಿ ಎಷ್ಟು ಜನ ಇರಬಹುದು ಎಂಬ ಮಿತಿ ಬಂತು. ನಾನು ಹೇಳುವುದು ಇಷ್ಟೇ: ಈ ಇಬ್ಬರಿಗೂ ಕಾಲೇಜು ಎಂದರೆ ಮೈದಾನವೂ ಹೌದು, ತರಗತಿಯೂ ಹೌದು. ನಮ್ಮಲ್ಲಿ ತರಗತಿ ಎಂಬುದು ಕೇವಲ ಹಾಜರಿ ಪುಸ್ತಕವಾಗಿದೆ.

ಇಲ್ಲಿ ನಮ್ಮ ಕಾಮರ್ಸಿನ ಒಂದು ತೊಡಕನ್ನು ಹೇಳಲೇಬೇಕು. ಪುಣೆ-ಮುಂಬಯಿಗಳಲ್ಲಿ ಹಲವು ಕಡೆ ಬಿ.ಕಾಂ. ತರಗತಿಗಳು ಬೆಳಿಗ್ಗೆ ಏಳಕ್ಕೇ ಶುರು. ಓಟಗಾರನ ಅಭ್ಯಾಸದ ಹೊತ್ತೂ ಅದೇ. ಬಾಳೇವಾಡಿಯ ಕ್ರೀಡಾಸಂಕೀರ್ಣದಲ್ಲಿ ಒಳ್ಳೆಯ ಸಿಂಥೆಟಿಕ್ ಟ್ರ್ಯಾಕು ಇದೆ ನಿಜ, ಆದರೆ ಪೇಟೆಯ ನಡುವಿನ ಕಾಲೇಜಿನಿಂದ ಅಲ್ಲಿಗೆ ಹೋಗಿ ಬರುವುದರಲ್ಲೇ ದಿನದ ಒಂದು ಭಾಗ ಕಳೆಯುತ್ತದೆ. ಕಾಲೇಜಿನ ಪುಸ್ತಿಕೆಯಲ್ಲಿ "ಅಂತರರಾಷ್ಟ್ರೀಯ ದರ್ಜೆಯ ಟ್ರ್ಯಾಕಿನ ಸೌಲಭ್ಯ" ಎಂದು ಅಚ್ಚಾಗಿದ್ದರೆ, ಆ ಟ್ರ್ಯಾಕು ಎಷ್ಟು ಮೈಲಿ ದೂರ ಎಂದು ಕೇಳಿ. ಜೊತೆಗೆ ಭಾಷೆಯ ಪ್ರಶ್ನೆ. ಕನ್ನಡ ಶಾಲೆಯಿಂದ ಬಂದವನಿಗೆ ಇಂಗ್ಲಿಷಿನ ಪಾಠ ಅರಗಲು ಮೊದಲ ವರ್ಷವಿಡೀ ಬೇಕು. ಇದು ನನ್ನ ಅನುಭವದ ಮಾತು. ನನಗೆ ಸಂಜೆಯೆಲ್ಲ ಓದಲು ಬಿಡುವಿತ್ತು, ಓಟಗಾರನಿಗೆ ಸಂಜೆ ಮೈಯೆಲ್ಲ ನೋವು. ಕೂಟಕ್ಕೆ ಹೋದಾಗ ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡುವವರು ಯಾರಾದರೂ ಇದ್ದಾರೆಯೇ? ಇದ್ದರೆ ಆ ಕಾಲೇಜು ಹತ್ತು ಶೀಲ್ಡಿಗೆ ಸಮ.

ಐದನೆಯದು ಯಾರೂ ಬಾಯಿ ಬಿಡದ ವಿಷಯ, ಮದ್ದಿನದು. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ರಾಜ್ಯ ಕೂಟಕ್ಕೆ ಮದ್ದು ತಪಾಸಣೆಯವರು ಬಂದರೆಂದು ತಿಳಿದದ್ದೇ ತಡ, ಪುರುಷರ 100 ಮೀಟರ್ ಫೈನಲ್ಲಿಗೆ ಒಬ್ಬನೇ ಒಬ್ಬ ಬಂದು ನಿಂತ. ದೇಶವೆಲ್ಲ ನಕ್ಕಿತು. ಆದರೆ ನಗುವ ಮಾತಲ್ಲ. ಹಾಸ್ಟೆಲಿನಲ್ಲಿ ಯಾರೋ "ಶಕ್ತಿ ಬರ್ತದ, ತಗೊಳ್ಳೋ" ಎಂದು ಪುಡಿಯನ್ನೋ ಸೂಜಿಯನ್ನೋ ಕೊಟ್ಟರೆ, ಕೊಟ್ಟವನು ಪಾರಾಗಬಹುದು, ತೆಗೆದುಕೊಂಡವನು ಪಾರಾಗುವುದಿಲ್ಲ. ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ಅಥ್ಲೀಟೇ ಜವಾಬ್ದಾರ ಎಂಬುದು ನಿಯಮ. ಡಿಗ್ರಿ ಮೂರು ವರ್ಷದ್ದು, ನಿಷೇಧ ನಾಲ್ಕು ವರ್ಷದವರೆಗೂ ಆಗಬಹುದು. ಹೀಗೆ ಪುಡಿ ಹಂಚುವ ಸುದ್ದಿ ಇರುವ ಕಡೆ ಫೀ ಮಾಫಿ ಇದ್ದರೂ ಕಾಲಿಡಬೇಡಿ.

ಇಷ್ಟು ಓದಿ ಒಬ್ಬ ಗೆಳೆಯ ಕೇಳಿದ: "ನೀ ಹೇಳೋದು ಹೊಟ್ಟೆ ತುಂಬಿದವರ ಮಾತು. ಬಡ ಹುಡುಗನಿಗೆ ಆರಿಸೋ ಹಕ್ಕು ಎಲ್ಲಿ ಐತಿ? ಎರಡು ಹೊತ್ತು ಊಟ ಕೊಟ್ಟ ಕಾಲೇಜೇ ಅವನಿಗೆ ದೇವರು." ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೊಲದಿಂದ ಬಂದ ಹುಡುಗನಿಗೆ ಓಟ ಎಂದರೆ ಪದಕಕ್ಕಿಂತ ಮೊದಲು ನೌಕರಿ. ಕೇಂದ್ರ ಸರ್ಕಾರದ ಕ್ರೀಡಾ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ತನ್ನ ವಿಶ್ವವಿದ್ಯಾಲಯದಿಂದ ಹೋದವನೂ ಅರ್ಹ. ದೇಶಕ್ಕೆ, ರಾಜ್ಯಕ್ಕೆ ಆಡಿದವರಿಗೆ ಮೊದಲ ಆದ್ಯತೆ, ಇವನಿಗೆ ಅವರ ನಂತರ. ಅಂದರೆ ಕಾಲೇಜಿನಿಂದ ವಲಯಕ್ಕೆ, ವಲಯದಿಂದ ಅಂತರ ವಲಯಕ್ಕೆ, ಅಲ್ಲಿಂದ ವಿಶ್ವವಿದ್ಯಾಲಯದ ತಂಡಕ್ಕೆ ಏರುವ ಆ ಮೆಟ್ಟಿಲು ಅವನ ಮನೆಯ ಅನ್ನದ ಮೆಟ್ಟಿಲು. ಅದಕ್ಕಾಗಿಯೇ ನಾನು ಹೇಳುವುದು, ಬಡವನಿಗೇ ಆರಿಸುವ ಜಾಣತನ ಹೆಚ್ಚು ಬೇಕು. ಸಿರಿವಂತನ ಮಗನ ಕಾಲು ಮುರಿದರೆ ಅಪ್ಪನ ವ್ಯಾಪಾರ ಇದೆ. ಬಡವನಿಗೆ ಆ ಕಾಲೇ ಬಂಡವಾಳ.

ಇನ್ನೊಂದು ಮಾತು, ಪುಣೆಯೇ ಆಗಬೇಕೆಂದೇನೂ ಇಲ್ಲ. ಕರ್ನಾಟಕದಿಂದ ಬರುವ ಹುಡುಗನನ್ನು ನಾನು ಮೊದಲು ಕೇಳುವುದು "ಮೂಡುಬಿದಿರೆ ನೋಡಿ ಬಂದೆಯಾ?" ಎಂದು. ಅಲ್ಲಿನ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತದೆ. 2020ರ ಜನವರಿಯಲ್ಲಿ ಅದೇ ಊರಿನಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾಲಯವೇ ಚಾಂಪಿಯನ್ ಆಯಿತು. ಅಂಥ ಕಡೆ ತಂಡದಲ್ಲಿ ಜಾಗ ಸಿಗುವುದು ಕಷ್ಟ, ಒಪ್ಪುತ್ತೇನೆ. ಬಲವಿಲ್ಲದ ವಿಶ್ವವಿದ್ಯಾಲಯದಲ್ಲಿ ಬನಿಯನ್ನು ಸುಲಭವಾಗಿ ಸಿಕ್ಕೀತು, ಆದರೆ ದಿನಾ ಒಬ್ಬನೇ ಓಡಬೇಕಾದೀತು. ನನ್ನ ಅಭಿಪ್ರಾಯದಲ್ಲಿ ನಿನಗಿಂತ ಸ್ವಲ್ಪವೇ ಮುಂದಿರುವ ಇಬ್ಬರು ಮೂವರು ಎಲ್ಲಿ ಇದ್ದಾರೋ ಅಲ್ಲಿಗೆ ಹೋಗಬೇಕು. ಕಾಲೇಜೇ ಬೇಡ ಎನ್ನುವ ದಾರಿಯೂ ಒಂದಿದೆ. ನಮ್ಮ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಅವಿನಾಶ್ ಸಾಬಳೆ ಹನ್ನೆರಡನೆಯದು ಮುಗಿಸಿ ಸೈನ್ಯ ಸೇರಿದರು, ಓಟವನ್ನು ನಿಜವಾಗಿ ಹಿಡಿದದ್ದು ಅಲ್ಲಿಯೇ. 2023ರಲ್ಲಿ ಹಾಂಗ್‌ಝೌದಲ್ಲಿ ಸ್ಟೀಪಲ್‌ಚೇಸ್ ಚಿನ್ನ ಅವರದಾಯಿತು.

ಕೊನೆಯದಾಗಿ ನಮ್ಮ ಮಂಡಳದ ಸದಸ್ಯರಿಗೆ ಒಂದು ವಿನಂತಿ. ಊರಿಂದ ಬಂದ ಹುಡುಗನಿಗೆ ಜಿಮಖಾನಾ ಆಫೀಸಿನಲ್ಲಿ ಮರಾಠಿ ತೊಡರುತ್ತದೆ, ಇಂಗ್ಲಿಷ್ ಬಾರದು. ಹೀಗಾಗಿ ಕೇಳಬೇಕಾದ್ದನ್ನೆಲ್ಲ ನುಂಗಿಕೊಂಡು ತಲೆಯಾಡಿಸಿ ಬರುತ್ತಾನೆ. ಈ ಜೂನಿನಲ್ಲಿ ಅಂಥವನು ಬಂದರೆ ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ. ಹಗಲು ಆಫೀಸಿಗೆ ಹೋಗುವ ಮೊದಲು ಸಂಜೆ ಐದೂವರೆಗೆ ಮೈದಾನಕ್ಕೆ ಹೋಗಿ ಯಾರು ಬರುತ್ತಾರೆ, ಯಾರು ಹೇಳಿಕೊಡುತ್ತಾರೆ ನೋಡೋಣ. ಮೇಲಿನ ಐದು ಪ್ರಶ್ನೆ ಅವನ ಪರವಾಗಿ ನಾವೇ ಕೇಳೋಣ. ಉತ್ತರ ಕೊಡಲು ಬೇಸರಪಡುವ ಕಾಲೇಜು ಯಾವುದೆಂದು ತಿಳಿದರೆ, ಅದೂ ಒಂದು ಉತ್ತರವೇ.