ಅಳಿಯ ಸೋತದ್ದು ಇರಲಿ, ಓಟು ಎಲ್ಲಿ ಹೋಯಿತು?



2024ರ ಜುಲೈ 5ರ ಬೆಳಿಗ್ಗೆ ಬೆಂಗಳೂರಿನಲ್ಲಿ ಎಷ್ಟೋ ಜನರ ಬಾಯಲ್ಲಿ ಒಂದೇ ಮಾತು. "ನಮ್ಮ ಅಳಿಯಂದಿರು ಸೋತರಂತೆ!" ಇನ್ಫೋಸಿಸ್ ನಾರಾಯಣ ಮೂರ್ತಿಯವರ ಅಳಿಯ, ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಗಂಡ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿ ಕುರ್ಚಿಯಿಂದ ಇಳಿದರು. 2022ರ ಅಕ್ಟೋಬರಿನಲ್ಲಿ ಅವರು ಪ್ರಧಾನಿಯಾದಾಗ ಪಟಾಕಿ ಹೊಡೆದವರು ನಾವೇ. ಸೋತಾಗ ಮುಖ ಸಣ್ಣ ಮಾಡಿಕೊಂಡವರೂ ನಾವೇ. ಅಷ್ಟಕ್ಕೆ ನಮ್ಮ ಬ್ರಿಟಿಷ್ ರಾಜಕೀಯ ಮುಗಿಯಿತು!

ನೆಂಟಸ್ತನದ ಅಭಿಮಾನ ತಪ್ಪಲ್ಲ. ಆದರೆ ಆ ಚುನಾವಣೆಯಲ್ಲಿ ನಾವು ಕಣ್ಣಿಟ್ಟು ನೋಡಬೇಕಾಗಿದ್ದುದು ಅಳಿಯನನ್ನಲ್ಲ, ಮತದಾರನನ್ನು. ಯಾಕೆ ಗೊತ್ತೇ? ಅವನು ಓಟು ಹಾಕುವ ಪದ್ಧತಿಯೇ ನಮ್ಮದು ಕೂಡ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಓಟು ಹೆಚ್ಚು ಬಂದವನು ಗೆದ್ದ, ಉಳಿದವರ ಓಟೆಲ್ಲ ನೀರಿನಲ್ಲಿ ಹೋಮ. ನಾವು ಈ ಲೆಕ್ಕವನ್ನು ಕಲಿತದ್ದು ಅವರಿಂದಲೇ. ಹಾಗಾಗಿ ಅವರ ಮನೆಯ ಜಗಳ ನಮ್ಮ ಮನೆಗೂ ಪಾಠ.

ಅಂಕಿ ನೋಡಿ. ಬ್ರಿಟನ್ನಿನ ಕೆಳಮನೆಯಲ್ಲಿ 650 ಸೀಟು. 2024ರಲ್ಲಿ ಲೇಬರ್ ಪಕ್ಷಕ್ಕೆ ಬಂದದ್ದು 411. ಭಾರೀ ಬಹುಮತ! ಅದಕ್ಕೆ ಬಿದ್ದ ಓಟು ಎಷ್ಟು? ಶೇಕಡಾ 34ಕ್ಕಿಂತ ಕಡಿಮೆ, ಸುಮಾರು 97 ಲಕ್ಷ. ಇದೇ ಪಕ್ಷಕ್ಕೆ 2017ರಲ್ಲಿ ಜೆರೆಮಿ ಕಾರ್ಬಿನ್ ನಾಯಕರಾಗಿದ್ದಾಗ ಶೇಕಡಾ 40, ಅಂದರೆ ಒಂದು ಕೋಟಿ 28 ಲಕ್ಷಕ್ಕೂ ಹೆಚ್ಚು ಓಟು ಬಿದ್ದಿತ್ತು. ಆಗ ಅದು ಸೋತಿತು! ಹೆಚ್ಚು ಓಟು ಪಡೆದವರು ವಿರೋಧ ಪಕ್ಷದಲ್ಲಿ ಕೂತರು, ಕಡಿಮೆ ಪಡೆದ ಕೀರ್ ಸ್ಟಾರ್ಮರ್ ಪ್ರಧಾನಿಯಾದರು. 2024ರಲ್ಲಿ ಮತಗಟ್ಟೆಗೆ ಹೋದವರು ನೂರಕ್ಕೆ ಅರವತ್ತು ಮಂದಿ. ಅಂದರೆ ಪಟ್ಟಿಯಲ್ಲಿದ್ದ ನೂರು ಜನರಲ್ಲಿ ಲೇಬರ್‌ಗೆ ಗುರುತು ಹಾಕಿದವರು ಸುಮಾರು ಇಪ್ಪತ್ತು!

ಹಾಗಾದರೆ ಗೆಲ್ಲಿಸಿದ್ದು ಯಾರು? ಸಿಟ್ಟು. ಹದಿನಾಲ್ಕು ವರ್ಷ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಮೇಲಿನ ಸಿಟ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯಬೇಕಾದ ಸಿಟ್ಟು, ಕರೆಂಟು-ಗ್ಯಾಸಿನ ಬಿಲ್ಲಿನ ಸಿಟ್ಟು, 2022ರಲ್ಲಿ ಐವತ್ತು ದಿನವೂ ತುಂಬಿಸದ ಲಿಜ್ ಟ್ರಸ್ ಸರ್ಕಾರ ಮನೆ ಸಾಲದ ಬಡ್ಡಿಗೆ ಬೆಂಕಿ ಹಚ್ಚಿದ ಸಿಟ್ಟು. ಆ ಪಕ್ಷ 365ರಿಂದ 121ಕ್ಕೆ ಕುಸಿಯಿತು. ಅದರ ಚರಿತ್ರೆಯಲ್ಲೇ ಅತಿ ಕೆಟ್ಟ ಸೋಲು.

ಈಗ ಸಣ್ಣ ಪಕ್ಷಗಳ ಕಥೆ ಕೇಳಿ. ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಓಟು, ಸೀಟು 5. ಲಿಬರಲ್ ಡೆಮಾಕ್ರಾಟರಿಗೆ 35 ಲಕ್ಷ ಓಟು, ಸೀಟು 72! ಮಾಟವೇ, ಮಂತ್ರವೇ? ಎರಡೂ ಅಲ್ಲ. ರಿಫಾರ್ಮ್‌ನ ಓಟು ದೇಶದ ತುಂಬ ತೆಳ್ಳಗೆ ಚೆಲ್ಲಿತ್ತು. ಲಿಬರಲ್ಲರು ತಾವು ಗೆಲ್ಲಬಹುದಾದ ಕ್ಷೇತ್ರಗಳನ್ನು ಆರಿಸಿಕೊಂಡು ಅಲ್ಲೇ ಬೆವರು ಸುರಿಸಿದರು. ಫರಾಜ್ ಅವರ ವಿಚಾರ ನಿಮಗೆ ಹಿಡಿಸದಿರಬಹುದು. ಹೊಟ್ಟೆಪಾಡಿಗೆ ಅಲ್ಲಿಗೆ ಹೋದ ನಮ್ಮ ಹುಡುಗರಿಗಂತೂ ವಲಸೆಗಾರರ ಮೇಲಿನ ಅವರ ಮಾತು ಚುಚ್ಚುತ್ತದೆ. ಆದರೂ 41 ಲಕ್ಷ ಜನರ ದನಿಗೆ ಐದೇ ಕುರ್ಚಿ ಎಂದರೆ ನ್ಯಾಯವೇ? ನಮಗಾಗದವರಿಗೆ ಅನ್ಯಾಯವಾದಾಗ ಸುಮ್ಮನಿದ್ದರೆ, ನಾಳೆ ನಮಗಾದಾಗ ಕೂಗುವ ಬಾಯಿ ಎಲ್ಲಿಂದ ತರುತ್ತೀರಿ?

"ಇದು ಅವರ ಹಣೆಬರಹ, ನಮಗೇನು" ಅನ್ನುವವರು ಸ್ವಲ್ಪ ನಿಲ್ಲಿ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಶೇಕಡಾ 38, ಬಿಜೆಪಿಗೆ ಶೇಕಡಾ 36 ಓಟು. ಆದರೆ 104 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂದದ್ದು ಬಿಜೆಪಿ! 2023ರಲ್ಲಿ ಬಿಜೆಪಿಗೆ ಮತ್ತೆ ಅದೇ ಶೇಕಡಾ 36. ಸೀಟು ಮಾತ್ರ 66. ಓಟು ಇದ್ದಲ್ಲೇ ಇದೆ, ಸೀಟು ಹಾರಿಹೋಗಿದೆ. ಇಲ್ಲೂ ಅದೇ ತಕ್ಕಡಿ.

ನಮ್ಮಂಥವರು ಹೆಚ್ಚು ಗಮನಿಸಬೇಕಾದದ್ದು ವೇಲ್ಸ್. ಇಂಗ್ಲಿಷಿನ ಪಕ್ಕದಲ್ಲೇ ಉಸಿರು ಹಿಡಿದುಕೊಂಡು ಬದುಕಿದ ಭಾಷೆ ವೆಲ್ಷ್. 2021ರ ಜನಗಣತಿಯ ಪ್ರಕಾರ ಅದನ್ನಾಡುವವರು ಸುಮಾರು ಐದು ಲಕ್ಷ 38 ಸಾವಿರ. ನಮ್ಮ ಒಂದು ಊರಿನ ಜನ! ಅವರ ಪಕ್ಷ ಪ್ಲೈಡ್ ಕಮ್ರಿ. 2024ರಲ್ಲಿ ವೇಲ್ಸಿನ 32 ಸೀಟುಗಳಲ್ಲಿ ಅದು ಶೇಕಡಾ 15ರಷ್ಟು ಓಟಿಗೆ 4 ಗೆದ್ದಿತು. ಅಲ್ಲೇ ಶೇಕಡಾ 18 ಪಡೆದ ಕನ್ಸರ್ವೇಟಿವ್‌ಗೆ ಸೊನ್ನೆ, ಶೇಕಡಾ 17ರ ರಿಫಾರ್ಮ್‌ಗೂ ಸೊನ್ನೆ. ವೆಲ್ಷ್ ಆಡುವ ಊರುಗಳು ಒಟ್ಟಾಗಿ ನಿಂತದ್ದರ ಫಲ ಅದು.

ಆದರೆ ನಾಲ್ಕು ಸೀಟಿನಿಂದ ಏನಾದೀತು? ಈ ಪ್ರಶ್ನೆಗೆ 1979ಕ್ಕೆ ಹೋಗಬೇಕು. ಆ ಚುನಾವಣೆಯಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಪಕ್ಷ ವೆಲ್ಷ್ ಭಾಷೆಗೆ ಟಿ.ವಿ. ಚಾನೆಲ್ ಕೊಡುವುದಾಗಿ ಪ್ರಣಾಳಿಕೆಯಲ್ಲಿ ಮಾತು ಕೊಟ್ಟಿತು. ಗೆದ್ದ ಮೇಲೆ ಮಾತು ತಪ್ಪಿತು. ಪ್ಲೈಡ್ ಕಮ್ರಿಯ ಹಿರಿಯ ಗ್ವಿನ್‌ಫೋರ್ ಇವಾನ್ಸ್ ಆಗ ಸಂಸತ್ತಿನಲ್ಲೂ ಇರಲಿಲ್ಲ. 1966ರಲ್ಲಿ ಕಾರ್ಮಾರ್ಥನ್ ಉಪಚುನಾವಣೆ ಗೆದ್ದು ಪಕ್ಷಕ್ಕೆ ಮೊದಲ ಸೀಟು ತಂದ ಆ ಮನುಷ್ಯ 1979ರಲ್ಲಿ ಅದೇ ಕ್ಷೇತ್ರದಲ್ಲಿ ಸೋತಿದ್ದರು. ಸೋತವರು ಮನೆಗೆ ಹೋಗಿ ಮಲಗಲಿಲ್ಲ. ಚಾನೆಲ್ ಕೊಡದಿದ್ದರೆ 1980ರ ಅಕ್ಟೋಬರಿನಿಂದ ಸಾಯುವವರೆಗೆ ಉಪವಾಸ ಎಂದು ಸಾರಿದರು. ಅಷ್ಟರಲ್ಲಾಗಲೇ ವೇಲ್ಸಿನ ಜನ ಟಿ.ವಿ. ಲೈಸೆನ್ಸ್ ಶುಲ್ಕ ಕಟ್ಟುವುದಿಲ್ಲವೆಂದು ತಿರುಗಿಬಿದ್ದಿದ್ದರು. ಯಾರಿಗೂ ಬಗ್ಗದ ಥ್ಯಾಚರ್ ಸರ್ಕಾರ ಉಪವಾಸ ಶುರುವಾಗುವ ಮೊದಲೇ, ಸೆಪ್ಟೆಂಬರಿನಲ್ಲೇ ಬಗ್ಗಿತು. 1982ರ ನವೆಂಬರ್ 1ರಂದು ವೆಲ್ಷ್ ಚಾನೆಲ್ ಶುರುವಾಯಿತು. ತಾರೀಕು ನೋಡಿದಿರಾ? ನಮ್ಮ ರಾಜ್ಯೋತ್ಸವದ ದಿನ!

ಇಷ್ಟಕ್ಕೇ ಎದೆ ಉಬ್ಬಿಸಿಕೊಂಡು ಮನೆಗೆ ಹೋಗಬೇಡಿ. ಪಕ್ಕದ ಸ್ಕಾಟ್ಲೆಂಡನ್ನೂ ನೋಡಿ. ಅಲ್ಲಿಯ ಎಸ್‌ಎನ್‌ಪಿ 2015ರಲ್ಲಿ 59ರಲ್ಲಿ 56 ಸೀಟು ಬಾಚಿಕೊಂಡಿತ್ತು. 2019ರಲ್ಲಿ 48. 2024ರಲ್ಲಿ 9! ಸ್ಕಾಟ್ ಜನರ ಸ್ವಾಭಿಮಾನ ಸತ್ತುಹೋಯಿತೇ? ಇಲ್ಲ. ಎಡಿನ್‌ಬರೋದಲ್ಲಿ 2007ರಿಂದ ಅಧಿಕಾರದಲ್ಲಿದ್ದ ಆ ಪಕ್ಷವನ್ನು ಮತದಾರ ಆಸ್ಪತ್ರೆ ಏನಾಯಿತು, ಶಾಲೆ ಏನಾಯಿತು, ದುಡ್ಡಿನ ಲೆಕ್ಕ ಎಲ್ಲಿ ಎಂದು ಕೇಳಿದ. ಬಾವುಟ ತೋರಿಸಿದರೆ ಮೊದಲ ಸಲ ಓಟು ಬರುತ್ತದೆ, ಎರಡನೇ ಸಲವೂ ಬರಬಹುದು. ಆಮೇಲೆ ಕೆಲಸ ತೋರಿಸಲೇಬೇಕು. ನಾಡು-ನುಡಿಯ ಹೆಸರು ಹೇಳುವ ನಾವು ಈ ಮಾತನ್ನು ಮೊದಲು ನಮಗೇ ಹೇಳಿಕೊಳ್ಳಬೇಕು.

ಹಾಗಾದರೆ ಪದ್ಧತಿಯನ್ನೇ ಬದಲಿಸಬಾರದೇ? 2011ರಲ್ಲಿ ಬ್ರಿಟನ್ನಿನ ಜನರನ್ನು ಕೇಳಲಾಯಿತು. ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಟ್ಟು ಓಟು ಹಾಕುವ ಪದ್ಧತಿ ಬೇಕೇ ಎಂದು. ನೂರಕ್ಕೆ 68 ಮಂದಿ ಬೇಡ ಎಂದರು. ಹಳೆಯದು ಸರಳ, ನಮ್ಮ ಊರಿಗೆ ಒಬ್ಬನೇ ಸದಸ್ಯ ಜವಾಬ್ದಾರ ಎಂಬುದು ಅವರ ವಾದ. ಆ ವಾದದಲ್ಲೂ ತೂಕವಿದೆ. ನಿಮ್ಮ ಕೊಳಾಯಿಗೆ ನೀರು ಬರದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ನಿಮಗೆ ಗೊತ್ತಿರಬೇಕಲ್ಲ!

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನಿಮ್ಮ ಅಣ್ಣ, ಅಕ್ಕ, ಗೆಳೆಯರು ಇದ್ದಾರೆಯೇ? ಅವರಿಗೊಂದು ಮಾತು ತಿಳಿಸಿ. ಕಾಮನ್‌ವೆಲ್ತ್ ದೇಶದವರಾದ್ದರಿಂದ, ಭಾರತದ ಪಾಸ್‌ಪೋರ್ಟ್ ಇದ್ದರೂ, ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರು ಹೆಸರು ನೋಂದಾಯಿಸಿ ಅಲ್ಲಿಯ ಸಂಸತ್ತಿಗೆ ಓಟು ಹಾಕಬಹುದು. ವಲಸೆಗಾರರ ಬಗ್ಗೆ ಅಲ್ಲಿ ನಡೆಯುವ ವಾದದಲ್ಲಿ ಅವರ ಬಾಯಿಯೂ ಇರಲಿ.

ಇನ್ನು ನೀವು. "ಸಣ್ಣ ಪಕ್ಷಕ್ಕೆ ಹಾಕಿದ ಓಟು ದಂಡ" ಅನ್ನುತ್ತೀರಿ. ದೊಡ್ಡ ಪಕ್ಷಕ್ಕೆ ಕಣ್ಣು ಮುಚ್ಚಿ ಹಾಕಿ, ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಅದು ದಂಡವಲ್ಲವೇ? ಓಟು ಯಾರಿಗೆ ಎಂಬುದು ನಿಮ್ಮ ಹಕ್ಕು, ನಾವು ಹೇಳುವುದಿಲ್ಲ. ನಾವು ಕೇಳುವುದು ಇಷ್ಟೇ. ಓಟು ಹಾಕುವ ಮೊದಲು ನಿಮ್ಮ ಕ್ಷೇತ್ರದ ಲೆಕ್ಕ ಕಲಿಯಿರಿ. ಓಟು ಹಾಕಿದ ಮೇಲೆ ಪ್ರಣಾಳಿಕೆಯ ಪ್ರತಿ ಮಡಿಸಿ ಜೇಬಿನಲ್ಲಿಟ್ಟುಕೊಳ್ಳಿ. ಮಾತು ತಪ್ಪಿದ ದಿನ ಅದನ್ನು ಹಿಡಿದು ಬೀದಿಗೆ ಬನ್ನಿ. ಐದು ಲಕ್ಷ ಜನ ಮಾಡಿದ್ದನ್ನು ಕೋಟಿಗಟ್ಟಲೆ ಇರುವ ನಾವು ಮಾಡಲಾರೆವೇ?