ಗಡಿ ದಾಟಬೇಕಾದ ಸುದ್ದಿ

ರೋಗಕ್ಕೆ ಗಡಿಯಿಲ್ಲವೆಂಬುದು ಹಳೆಯ ಮಾತು. ರೋಗದ ಸುದ್ದಿಗೆ ಮಾತ್ರ ಹಲವು ಗಡಿಗಳಿವೆ. ತಾಳವಾಡಿ ಬೆಟ್ಟಸೀಮೆಯವರಿಗೆ ಇದು ದೂರದ ವಿಚಾರವಲ್ಲ. ಇಲ್ಲಿನ ಆಡಳಿತ ಈರೋಡಿನದು, ಮನೆಮಾತು ಕನ್ನಡ, ಹತ್ತಿರದ ದೊಡ್ಡ ಊರು ಚಾಮರಾಜನಗರ. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು.

ಮಂಗನ ಕಾಯಿಲೆಯನ್ನೇ ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಜನರಿಗೂ ಜ್ವರ ತಗುಲಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿದರು. ಅದು ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಬಂಧುವೆಂದು ತಿಳಿದದ್ದು ಅನ್ಯದೇಶಗಳ ಮಾಹಿತಿಯೊಡನೆ ಹೋಲಿಸಿದ್ದರಿಂದಲೇ. 2012ರಲ್ಲಿ ಅದೇ ಕಾಯಿಲೆ ಬಂಡೀಪುರದಲ್ಲಿ ಕಾಣಿಸಿತು; ಬಳಿಕ ನೀಲಗಿರಿಯಲ್ಲಿ, ವಯನಾಡಿನಲ್ಲಿ. ಒಂದೇ ಕಾಡು, ಮೂರು ರಾಜ್ಯ, ಮೂರು ಆಡಳಿತ ಭಾಷೆ.

ದೇಶದೇಶಗಳ ನಡುವೆ ಇದಕ್ಕೊಂದು ಕಾನೂನಿದೆ. 2007ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ, ಗಡಿಯಾಚೆ ಹರಡಬಹುದಾದ ರೋಗದ ಅಪಾಯವನ್ನು ಪರಿಶೀಲಿಸಿ ಮನಗಂಡ 24 ಗಂಟೆಗಳೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಆದರೆ ತಿಳಿಸಿದವರ ಗತಿಯೇನು? 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಕೊರೊನಾದ ಒಮಿಕ್ರಾನ್ ರೂಪವನ್ನು ತಡಮಾಡದೆ ಜಗತ್ತಿಗೆ ತಿಳಿಸಿತು. ಕೆಲವೇ ದಿನಗಳಲ್ಲಿ ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ತಡೆದವು. ಅದಕ್ಕೂ ಮೊದಲು, 2007ರಲ್ಲಿ, ಇಂಡೋನೇಷ್ಯಾ ಹಕ್ಕಿಜ್ವರದ ಮಾದರಿಗಳನ್ನು ಕೊಡಲು ನಿರಾಕರಿಸಿತ್ತು. ನಮ್ಮ ಮಾದರಿಯಿಂದಾದ ಲಸಿಕೆ ನಮಗೇ ಎಟುಕದಿದ್ದರೆ ಕೊಡುವುದೇಕೆ ಎಂಬುದು ಅದರ ವಾದ. 2025ರ ಮೇ ತಿಂಗಳಲ್ಲಿ ಅಂಗೀಕಾರವಾದ ಮಹಾಸಾಂಕ್ರಾಮಿಕ ಒಪ್ಪಂದದಲ್ಲೂ ಈ ಕೊಡುಕೊಳ್ಳುವಿಕೆಯ ಪ್ರಶ್ನೆ ಬಗೆಹರಿಯದೆ ಪ್ರತ್ಯೇಕ ಅನುಬಂಧಕ್ಕೆ ಉಳಿಯಿತು. ಕೇಳುವ ಹಕ್ಕನ್ನಷ್ಟೇ ಬರೆದು ಕೊಡುವವರ ರಕ್ಷಣೆಯನ್ನು ಮರೆತ ಕಾನೂನು ಬಹುಕಾಲ ನಡೆಯಲಾರದು.

ಈ ಪಾಠ ನಮ್ಮ ಗಡಿಗೂ ಸಲ್ಲುತ್ತದೆ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಗೆ ಸೇರಿದ್ದರೂ, ಸಾಂಕ್ರಾಮಿಕ ರೋಗ ರಾಜ್ಯದಿಂದ ರಾಜ್ಯಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯ ವಿಷಯ. ಆದುದರಿಂದ ತಾಳವಾಡಿಯವರ ಸೋಂಕು ಚಾಮರಾಜನಗರದಲ್ಲಿ ಪತ್ತೆಯಾದರೆ, ಆ ವರದಿ ಅದೇ 24 ಗಂಟೆಗಳೊಳಗೆ ನೇರವಾಗಿ ಈರೋಡಿಗೆ ಮುಟ್ಟಬೇಕು. ರೋಗಿಯ ಖಾಸಗಿತನಕ್ಕೆ ಧಕ್ಕೆಯೆಂಬ ಆತಂಕ ನ್ಯಾಯವಾದುದೇ. ಆದರೆ ಎಚ್ಚರಿಕೆಗೆ ಊರು, ದಿನ, ಲಕ್ಷಣ ಸಾಕು, ಹೆಸರು ಬೇಕಿಲ್ಲ. ಸುದ್ದಿ ಕೊಟ್ಟ ಊರಿಗೆ ಮೊದಲು ವೈದ್ಯರು ಬರಲಿ, ಬೇಲಿ ಬೇಡ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದರಲ್ಲೇನಿದೆ ಎಂದು ಕೇಳಬಹುದು. ಜಿನೀವಾ ತಲುಪುವ ಅಂಕಿಅಂಶವೆಲ್ಲ ಮೊದಲು ಯಾರದೋ ತಾಯ್ನುಡಿಯ ಮಾತಾಗಿರುತ್ತದೆ. ಕಾಡಿನಲ್ಲಿ ಮಂಗ ಸತ್ತಿದೆ ಎಂದು ಸೋಲಿಗರೊಬ್ಬರು ಹೇಳಿದರೆ ಅದನ್ನು ತಮಿಳಿನಲ್ಲಿ ಅರ್ಥ ಕೆಡದಂತೆ ದಾಖಲಿಸುವವರು ಬೇಕು. ತಮಿಳಿನ ‘ಕಾಯ್ಚಲ್’ ಬರಿಯ ಜ್ವರ. ಕನ್ನಡದ ‘ಕಾಯಿಲೆ’ ಯಾವ ರೋಗವೂ ಆಗಬಹುದು. ಮರಾಠಿ, ಕನ್ನಡ ಎರಡರಲ್ಲೂ ಓದಿದ ನನಗೆ ಇಂಥ ಜೋಡಿಗಳು ಪರಿಚಿತ: ಮರಾಠಿಯ ‘ತಾಪ’ ಜ್ವರ, ನಮ್ಮ ‘ತಾಪ’ ಬಿಸಿ ಅಥವಾ ಸಂಕಟ. ಅನುವಾದವನ್ನು ಕಾವ್ಯ, ಕಾದಂಬರಿಗಳಿಗಷ್ಟೇ ಮೀಸಲಿಟ್ಟದ್ದು ಸಾಕು. ಗಡಿ ತಾಲ್ಲೂಕಿನ ಆರೋಗ್ಯ ಕೇಂದ್ರಗಳಲ್ಲಿ ಎರಡೂ ನುಡಿ ಬಲ್ಲವರು ಇರಬೇಕೆಂದು ಒತ್ತಾಯಿಸೋಣ. ಅಂಥವರನ್ನು ಸಿದ್ಧಪಡಿಸುವ ಹೊಣೆಯನ್ನು ಕನ್ನಡ ವಿಭಾಗಗಳೂ ಹೊರಬೇಕು.